ಪರದೆಯಿಂದ ಶುರು ಮಾಡಿ: ಗೇಮಿಂಗ್ ಪಿಸಿಗೆ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಆರಿಸುವ ಬಗೆ

ಹೋದ ತಿಂಗಳು ಅಕ್ಕನ ಮಗ ದಾವಣಗೆರೆಯಿಂದ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಕೈಯಲ್ಲಿ 80,000 ರೂಪಾಯಿ, ಫೋನಿನಲ್ಲಿ ಒಂದು ಪಟ್ಟಿ. ಇಬ್ಬರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ಮೊದಲನೇ ಅಂಗಡಿಯಲ್ಲೇ ಹುಡುಗ "16 ಜಿಬಿ ಗ್ರಾಫಿಕ್ಸ್ ಕಾರ್ಡ್ ಬೇಕು" ಅಂದ. ಕೌಂಟರಿನವರು ಕ್ಯಾಲ್ಕ್ಯುಲೇಟರ್ ಒತ್ತಿ, ನಮ್ಮ ಕಡೆ ತಿರುಗಿಸಿ ತೋರಿಸಿದರು. ಯಾವ ಮಾನಿಟರಿಗೆ, ಯಾವ ಗೇಮಿಗೆ ಅಂತ ಯಾರೂ ಕೇಳಲಿಲ್ಲ.

ಹೊರಗೆ ಬಂದು ಎಳನೀರು ಕುಡಿಯುವಾಗ ನಾನೇ ಕೇಳಿದೆ. "ಮಾನಿಟರ್ ಯಾವುದೋ?"

"ಮನೇಲಿರೋದೇ ಮಾಮ. 22 ಇಂಚಿಂದು. ಚೆನ್ನಾಗೇ ಇದೆ."

ಅದು 60 ಹರ್ಟ್ಜ್‌ನ ಹಳೇ ಫುಲ್ ಎಚ್‌ಡಿ ಮಾನಿಟರ್. ಅವನು ಕೊಳ್ಳಲು ಹೊರಟಿದ್ದ ಕಾರ್ಡ್ ಸೆಕೆಂಡಿಗೆ 140 ಚಿತ್ರ ಬಿಡಿಸಿದರೂ ಆ ಪರದೆ ತೋರಿಸುವುದು 60 ಮಾತ್ರ. ಉಳಿದ 80 ಚಿತ್ರಕ್ಕೆ ಕೊಟ್ಟ ದುಡ್ಡು ಕಣ್ಣಿಗೆ ಬೀಳುವುದೇ ಇಲ್ಲ.

ಅವತ್ತು ಏನೂ ಕೊಳ್ಳದೆ ಮನೆಗೆ ವಾಪಸ್ ಬಂದು, ಹಾಳೆ ಪೆನ್ನು ಹಿಡಿದು ಕೂತೆವು. ಪರದೆಯಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕಿದೆವು. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹೊಸ ಪಿಸಿ ಅಸೆಂಬಲ್ ಮಾಡಿಸುವವರಿಗೂ ಹಳೇ ಪಿಸಿಗೆ ಕಾರ್ಡ್ ಹಾಕಿಸುವವರಿಗೂ ಇದೇ ದಾರಿ.

ಹಂತ 1: ಪರದೆ ಎಷ್ಟು ದೊಡ್ಡದು, ಎಷ್ಟು ಚುರುಕು

ಗ್ರಾಫಿಕ್ಸ್ ಕಾರ್ಡ್ ಮಾಡುವ ಕೆಲಸ ಚುಕ್ಕಿಗಳಿಗೆ ಬಣ್ಣ ತುಂಬುವುದು. ಫುಲ್ ಎಚ್‌ಡಿ ಪರದೆಯಲ್ಲಿ, ಅಂದರೆ 1920 ಅಡ್ಡ 1080 ಉದ್ದದಲ್ಲಿ, ಸುಮಾರು 20.7 ಲಕ್ಷ ಚುಕ್ಕಿ ಇರುತ್ತವೆ. 1440ಪಿ ಪರದೆಯಲ್ಲಿ ಸುಮಾರು 36.9 ಲಕ್ಷ. 4ಕೆ ಪರದೆಯಲ್ಲಿ ಸುಮಾರು 82.9 ಲಕ್ಷ, ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಕಾರ್ಡಿನ ಮೇಲೆ ಬೀಳುವ ಹೊರೆಯೂ ಹೆಚ್ಚುಕಡಿಮೆ ಇದೇ ರೀತಿ ಏರುತ್ತದೆ.

ಇನ್ನೊಂದು ಲೆಕ್ಕ ಹರ್ಟ್ಜ್. 60 ಹರ್ಟ್ಜ್ ಪರದೆಗೆ ಒಂದು ಚಿತ್ರ ತಯಾರಿಸಲು ಕಾರ್ಡಿಗೆ 16.7 ಮಿಲಿಸೆಕೆಂಡ್ ಸಮಯ ಸಿಗುತ್ತದೆ. 144 ಹರ್ಟ್ಜ್‌ಗೆ ಸಿಗುವುದು ಬರೀ 6.9 ಮಿಲಿಸೆಕೆಂಡ್. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಥರದ ಆಟ ಆಡುವವರಿಗೆ ಈ ಚುರುಕು ಕೈಗೇ ಗೊತ್ತಾಗುತ್ತದೆ. ಕಥೆ ಇರುವ ದೊಡ್ಡ ಆಟಗಳನ್ನು ನಿಧಾನಕ್ಕೆ ನೋಡಿಕೊಂಡು ಆಡುವವರಿಗೆ 60ರಿಂದ 75 ಚಿತ್ರ ಒಂದೇ ಸಮನೆ ಬಂದರೂ ಸಾಕು.

ಹಾಳೆಯ ಮೇಲೆ ಮೂರು ಸಾಲು ಬರೆದುಕೊಳ್ಳಿ. ಪರದೆಯ ಅಳತೆ, ಅದರ ಹರ್ಟ್ಜ್, ನೀವು ಜಾಸ್ತಿ ಆಡುವ ಮೂರು ಗೇಮ್‌ಗಳ ಹೆಸರು. ಇಷ್ಟಿಲ್ಲದೆ ಅಂಗಡಿಗೆ ಹೋಗಬೇಡಿ. ನಮ್ಮ ಹುಡುಗನ ಹಾಳೆ ಹೀಗಿತ್ತು: ಫುಲ್ ಎಚ್‌ಡಿ, 60 ಹರ್ಟ್ಜ್, ಹಾಸ್ಟೆಲ್ ಹುಡುಗರ ಜೊತೆ ವ್ಯಾಲೊರಂಟ್, ರಾತ್ರಿ ಒಬ್ಬನೇ ಸೈಬರ್‌ಪಂಕ್ 2077, ಆಮೇಲೆ ರೆಡ್ ಡೆಡ್ ರಿಡೆಂಪ್ಷನ್ 2. ಈ ಹಾಳೆ ನೋಡಿದ ಮೇಲೆ ಕಾರ್ಡನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಉಳಿದ ದುಡ್ಡಿಗೆ 144 ಹರ್ಟ್ಜ್‌ನ ಮಾನಿಟರ್ ತಗೊಳ್ಳೋಣ ಅಂತ ಅವನೇ ಹೇಳಿದ.

ಹಳೇ ಮಾನಿಟರನ್ನೇ ಇಟ್ಟುಕೊಳ್ಳುವವರು ಅದರ ಹಿಂದೆ ಒಮ್ಮೆ ನೋಡಿ. ಬರೀ ನೀಲಿ ಬಣ್ಣದ ವಿಜಿಎ ಕಿಂಡಿ ಇದ್ದರೆ ಕಷ್ಟ. ಈಗಿನ ಕಾರ್ಡ್‌ಗಳಲ್ಲಿ ವಿಜಿಎ ಇಲ್ಲ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಮಾತ್ರ.

ಹಂತ 2: ದುಡ್ಡಿನ ಪಾಲು

ಗೇಮಿಂಗ್ ಪಿಸಿಯಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕು. ಮಾನಿಟರ್ ಬಿಟ್ಟು ಉಳಿದ ದುಡ್ಡಿನಲ್ಲಿ 35ರಿಂದ 45 ಶೇಕಡಾ ಅದಕ್ಕೆ ಇಡಿ ಅನ್ನುವುದು ನನ್ನ ಸಲಹೆ. ಪ್ರೊಸೆಸರಿಗೆ ಕಾರ್ಡಿನ ಅರ್ಧದಷ್ಟು ಸಾಕು. ಹೊಳೆಯುವ ಬಣ್ಣದ ಲೈಟು, ಗಾಜಿನ ಕ್ಯಾಬಿನೆಟ್ ಎಲ್ಲ ಕೊನೆಗೆ ಉಳಿದರೆ ನೋಡಿದರಾಯಿತು. 2025ರ ಕೊನೆಯಿಂದ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಫೈಲು, ಗೇಮ್ ಇಡುವ ಚಿಪ್ ಡ್ರೈವ್) ಬೆಲೆ ಏರಿದೆ. ಡೇಟಾ ಸೆಂಟರ್‌ಗಳೇ ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದು ಅದಕ್ಕೆ ಕಾರಣ. ಹಾಗಾಗಿ ಹಳೇ ವಿಡಿಯೊಗಳಲ್ಲಿ ಹೇಳಿದ ಬೆಲೆ ನಂಬಿಕೊಂಡು ಹೊರಡಬೇಡಿ, ಆ ವಾರದ ಬೆಲೆ ನೋಡಿ.

ಹಂತ 3: ಕಾರ್ಡ್ ಆರಿಸುವುದು

ಮೊದಲು ವಿಡಿಯೊ ಮೆಮೊರಿಯ ವಿಷಯ ತಿಳಿಯೋಣ. ಕಾರ್ಡಿನ ಮೇಲಿರುವ ಈ ಮೆಮೊರಿ ಅಡುಗೆಮನೆಯ ಕಟ್ಟೆ ಇದ್ದ ಹಾಗೆ. ಬೇಕಾದ ಸಾಮಾನೆಲ್ಲ ಕಟ್ಟೆಯ ಮೇಲೇ ಇದ್ದರೆ ಕೈ ಸರಾಗ ಓಡುತ್ತದೆ. ಜಾಗ ಸಾಲದೆ ಪ್ರತಿ ಸಲ ಒಳಗಿನ ಕೋಣೆಗೆ ಹೋಗಿ ತರಬೇಕಾದರೆ ಒಗ್ಗರಣೆ ಸೀದುಹೋಗುತ್ತದೆ. ವಿಡಿಯೊ ಮೆಮೊರಿ ತುಂಬಿದಾಗ ಆಟದಲ್ಲಿ ಆಗುವುದೂ ಅದೇ. ಸೆಕೆಂಡಿಗೆ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಸರಾಸರಿ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಆದರೆ ತಿರುವಿನಲ್ಲಿ ಗಕ್ಕನೆ ನಿಲ್ಲುತ್ತದೆ, ಗೋಡೆಯ ಮೇಲಿನ ಚಿತ್ರ ಮಸುಕಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಫುಲ್ ಎಚ್‌ಡಿಯಲ್ಲಿ ಆನ್‌ಲೈನ್ ಆಟ, ಸ್ವಲ್ಪ ಹಳೇ ಆಟ ಆಡುವವರಿಗೆ 8 ಜಿಬಿ ಸಾಕು. ಹೊಸದಾಗಿ ಬರುವ ದೊಡ್ಡ ಆಟಗಳನ್ನು ಮೂರು ನಾಲ್ಕು ವರ್ಷ ಆಡಬೇಕು ಅನ್ನುವವರು ಇವತ್ತು 8 ಜಿಬಿ ಕಾರ್ಡಿಗೆ ಹೊಸ ದುಡ್ಡು ಹಾಕಬಾರದು. 12 ಅಥವಾ 16 ಜಿಬಿ ನೋಡಿ. 1440ಪಿ ಪರದೆಗೆ 12 ಕನಿಷ್ಠ, 16 ನೆಮ್ಮದಿ. ಹಾಗಂತ ಮೆಮೊರಿ ಒಂದನ್ನೇ ನೋಡಿ ಕೊಳ್ಳುವುದೂ ತಪ್ಪು. ದುರ್ಬಲ ಚಿಪ್ ಮೇಲೆ ಎಷ್ಟು ಜಿಬಿ ಕೂರಿಸಿದರೂ ಅದು ಓಡುವುದಿಲ್ಲ.

ಹೆಸರಿನ ವಿಷಯದಲ್ಲಿ ತುಂಬ ಎಚ್ಚರ ಬೇಕು. ಜನ ಮೋಸ ಹೋಗುವುದು ಇಲ್ಲೇ. ಕಾರ್ಡಿನ ಚಿಪ್ ಮಾಡುವ ಎನ್ವಿಡಿಯಾ ಕಂಪನಿಯ ಹೆಸರುಗಳಲ್ಲಿ ಮೊದಲ ಎರಡು ಅಂಕಿ ತಲೆಮಾರು, ಕೊನೆಯ ಎರಡು ಅಂಕಿ ದರ್ಜೆ. ಆರ್‌ಟಿಎಕ್ಸ್ 5060 ಅಂದರೆ 50ನೇ ಸಾಲಿನ 60ರ ದರ್ಜೆ. ಆದರೆ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡ್ ಇರಬಹುದು. ಆರ್‌ಟಿಎಕ್ಸ್ 3050 ಕಾರ್ಡ್ 8 ಜಿಬಿಯಲ್ಲೂ 6 ಜಿಬಿಯಲ್ಲೂ ಸಿಗುತ್ತದೆ. ವ್ಯತ್ಯಾಸ ಬರೀ 2 ಜಿಬಿ ಮೆಮೊರಿ ಅಂದುಕೊಳ್ಳುತ್ತೇವೆ, ಅಲ್ವಾ? 6 ಜಿಬಿಯದರಲ್ಲಿ ಚಿಪ್ಪಿನ ಕೋರ್‌ಗಳೂ ಕಡಿಮೆ, ಮೆಮೊರಿಯ ದಾರಿಯೂ ಕಿರಿದು. ಜಿಟಿ 1030 ಇನ್ನೂ ಕೆಟ್ಟ ಉದಾಹರಣೆ. ಅದರ ಜಿಡಿಡಿಆರ್5 ಕಾರ್ಡಿನ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, 2018ರಲ್ಲಿ ಬಂದ ಡಿಡಿಆರ್4 ಕಾರ್ಡಿನದು 17 ಜಿಬಿಗಿಂತ ಕಡಿಮೆ. ಡಬ್ಬದ ಮೇಲೆ ಹೆಸರು ಮಾತ್ರ ಒಂದೇ. ಬಿಲ್ಲಿನಲ್ಲಿ ಪೂರ್ತಿ ಮಾಡೆಲ್ ನಂಬರ್, ಮೆಮೊರಿ ಎಷ್ಟು ಅಂತ ಬರೆಸಿಕೊಳ್ಳಿ. ಆರ್‌ಟಿಎಕ್ಸ್ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಬರುತ್ತವೆ. ಬರೀ "5060 ಟಿಐ ಬೇಕು" ಅಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು.

ಹಳೇ ಮದರ್‌ಬೋರ್ಡ್ ಇರುವವರಿಗೆ ಇನ್ನೊಂದು ಮಾತು. ಕಾರ್ಡ್ ಕೂರುವ ಉದ್ದನೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ 16 ಲೇನ್, ಅಂದರೆ ಡೇಟಾ ಸಾಗುವ ದಾರಿ, ಇರುತ್ತವೆ. ಎಲ್ಲ ಕಾರ್ಡ್‌ಗಳೂ ಹದಿನಾರನ್ನೂ ಬಳಸುವುದಿಲ್ಲ. ಆರ್‌ಟಿಎಕ್ಸ್ 5060, 5060 ಟಿಐ ಎಂಟನ್ನೇ ಬಳಸುತ್ತವೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕನ್ನೇ. ಹೊಸ ಬೋರ್ಡಿನಲ್ಲಿ ಇದರಿಂದ ತೊಂದರೆ ಇಲ್ಲ, ಯಾಕೆಂದರೆ ಒಂದೊಂದು ಲೇನಿನ ವೇಗವೂ ಜಾಸ್ತಿ. ಮೂರನೇ ತಲೆಮಾರಿನ ಹಳೇ ಸ್ಲಾಟಿನಲ್ಲಿ ಮಾತ್ರ ದಾರಿ ಕಿರಿದಾಗುತ್ತದೆ. ಅದರಲ್ಲೂ ವಿಡಿಯೊ ಮೆಮೊರಿ ತುಂಬಿ ಸಾಮಾನು ಆಚೀಚೆ ಸಾಗಿಸಬೇಕಾದಾಗ ಪೆಟ್ಟು ಜೋರಾಗಿ ಬೀಳುತ್ತದೆ. ಹಳೇ ಬೋರ್ಡ್ ಇದ್ದರೆ ಹದಿನಾರೂ ಲೇನ್ ಬಳಸುವ, ಮೆಮೊರಿ ಜಾಸ್ತಿ ಇರುವ ಕಾರ್ಡ್ ಒಳ್ಳೆಯದು. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಅಂಥದು. ಇಂಟೆಲ್‌ನ ಆರ್ಕ್ ಬಿ580 ಕಾರ್ಡ್ 12 ಜಿಬಿ ಮೆಮೊರಿಯೊಂದಿಗೆ ಒಳ್ಳೇ ಬೆಲೆಗೆ ಸಿಗುತ್ತದೆ. ಆದರೆ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಮುಟ್ಟಲು ಬಿಡುವ ರಿಸೈಜಬಲ್ ಬಾರ್ ಅನ್ನುವ ಸೌಲಭ್ಯ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ) ಆನ್ ಇರಲೇಬೇಕು, ಪ್ರೊಸೆಸರೂ ಹೊಸದಿರಬೇಕು. ಹಳೇ ಪಿಸಿಗೆ ಅದನ್ನು ನಾನು ಹೇಳುವುದಿಲ್ಲ.

ರೇ ಟ್ರೇಸಿಂಗ್ ಬೇಕಾ? ಬೆಳಕು ನೆರಳು ಚೆಂದ ಕಾಣುತ್ತದೆ, ಕಾರ್ಡಿಗೆ ಸುಸ್ತೂ ಆಗುತ್ತದೆ. ಮೊದಲೆಲ್ಲ ಇದು ಬೇಕಾದರೆ ಆನ್ ಮಾಡುವ ವಿಷಯವಾಗಿತ್ತು. ಈಗ ಕೆಲವು ಆಟಗಳಿಗೆ ಕಡ್ಡಾಯವೇ ಆಗಿದೆ. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, 2025ರ ಮೇ ತಿಂಗಳ ಡೂಮ್: ದ ಡಾರ್ಕ್ ಏಜಸ್ ಆಡಲು ರೇ ಟ್ರೇಸಿಂಗ್ ಯಂತ್ರಾಂಶ ಇರುವ ಕಾರ್ಡೇ ಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಜಿಟಿಎಕ್ಸ್ 1650, 1660 ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮೊದಲು ಯೋಚಿಸಿ. ಜಿಟಿಎಕ್ಸ್ 10ನೇ ಸಾಲಿಗಂತೂ 2025ರ ಅಕ್ಟೋಬರಿನಲ್ಲಿ ಗೇಮಿಂಗ್ ಡ್ರೈವರ್ ಬರುವುದೇ ನಿಂತಿತು. ಇನ್ನು ಭದ್ರತೆಯ ಅಪ್‌ಡೇಟ್ ಮಾತ್ರ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಅಂತ ಪೋಸ್ಟರ್‌ಗಳಲ್ಲಿ ಕಾಣುತ್ತದಲ್ಲ, ಅವು ಚಿಕ್ಕ ಅಳತೆಯಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವ ಉಪಾಯಗಳು. ಒಳ್ಳೇ ಉಪಾಯಗಳೇ. 1440ಪಿಯಲ್ಲಿ ತುಂಬ ಉಪಯೋಗಕ್ಕೆ ಬರುತ್ತವೆ. ಆದರೆ ನಡುವೆ ಹೊಸ ಚಿತ್ರ ಹುಟ್ಟಿಸಿ ಸೇರಿಸುವ ಫ್ರೇಮ್ ಜನರೇಷನ್ ಬೇರೆಯೇ ವಿಷಯ. ಜಾಹೀರಾತಿನ "ಎರಡು ಪಟ್ಟು, ಮೂರು ಪಟ್ಟು" ಅಂಕಿ ಬಹಳಷ್ಟು ಸಲ ಅದರದ್ದೇ. ಮೊದಲೇ 25 ಫ್ರೇಮ್ ಬರುತ್ತಿದ್ದ ಆಟ ಅದರಿಂದ 60 ಅಂತ ತೋರಿಸಿದರೂ ಮೌಸ್ ತಿರುಗಿಸಿದಾಗ ಆಟ ಭಾರವಾಗಿಯೇ ಇರುತ್ತದೆ. ಕಾರ್ಡ್ ಹೋಲಿಸುವಾಗ ಫ್ರೇಮ್ ಜನರೇಷನ್ ಇಲ್ಲದ ಅಂಕಿಯನ್ನೇ ನೋಡಿ.

ಈಗಾಗಲೇ ಪಿಸಿ ಇರುವವರು ಕಾರ್ಡ್ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ, ಖರ್ಚಿಲ್ಲದ್ದು. ಆಟದ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಏರಿದರೆ ಸುಸ್ತಾಗಿರುವುದು ಕಾರ್ಡ್, ಹೊಸದು ತಂದರೆ ಫಲ ಇದೆ. ಏರದಿದ್ದರೆ ತಡೆ ಇರುವುದು ಪ್ರೊಸೆಸರಿನಲ್ಲಿ. ಎಷ್ಟು ದೊಡ್ಡ ಕಾರ್ಡ್ ತಂದರೂ ಆ ಆಟ ಅಷ್ಟೇ ಓಡುತ್ತದೆ.

ಹಂತ 4: ಎಸ್‌ಎಂಪಿಎಸ್, ಜಾಗ, ಕರೆಂಟ್

ಕಾರ್ಡಿನ ವ್ಯಾಟ್ ನೋಡಿ. ಆರ್‌ಟಿಎಕ್ಸ್ 5060ಗೆ 145, ಆರ್ಕ್ ಬಿ580ಗೆ 190, ಆರ್‌ಟಿಎಕ್ಸ್ 5070ಗೆ 250, ಆರ್‌ಎಕ್ಸ್ 9070 ಎಕ್ಸ್‌ಟಿಗೆ 304 ವ್ಯಾಟ್. 150ರ ಸುತ್ತಮುತ್ತಲಿನ ಕಾರ್ಡಿಗೆ ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಸಾಕು. 250ಕ್ಕೆ 650, 300 ದಾಟಿದರೆ 750 ಇಟ್ಟುಕೊಳ್ಳಿ. "ಒಳ್ಳೆಯ" ಅನ್ನುವ ಮಾತು ಮುಖ್ಯ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, ಎತ್ತಿದರೆ ಹಗುರ ಅನಿಸುವ ಎಸ್‌ಎಂಪಿಎಸ್ ಮೇಲೆ ಎಷ್ಟೇ ವ್ಯಾಟ್ ಬರೆದಿರಲಿ, ಸಾವಿರಾರು ರೂಪಾಯಿಯ ಕಾರ್ಡನ್ನು ಅದಕ್ಕೆ ಒಪ್ಪಿಸಬೇಡಿ. 80 ಪ್ಲಸ್ ಬ್ರಾಂಜ್ ಅನ್ನುವ ದಕ್ಷತೆಯ ಗುರುತು, ಐದು ವರ್ಷದ ವಾರಂಟಿ ಇರುವುದನ್ನು ನೋಡಿ.

ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್, ಒಂದು 8 ಪಿನ್ ಕೇಬಲಿನಿಂದ 150. ಎರಡು 8 ಪಿನ್ ಕಿಂಡಿ ಇರುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲಿನ ಕವಲನ್ನು ಎರಡಕ್ಕೂ ಚುಚ್ಚಬೇಡಿ. ದೊಡ್ಡ ಎನ್ವಿಡಿಯಾ ಕಾರ್ಡ್‌ಗಳ ಹೊಸ 16 ಪಿನ್ ಕನೆಕ್ಟರನ್ನು ಪೂರ್ತಿ ಒಳಗೆ ಹೋಗುವ ತನಕ ಒತ್ತಬೇಕು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳ ಕನೆಕ್ಟರ್ ಕರಗಿದ ಪ್ರಕರಣಗಳಲ್ಲಿ ಅರೆಬರೆ ಕೂರಿಸಿದ್ದೂ ಒಂದು ಕಾರಣವಾಗಿತ್ತು.

ಕ್ಯಾಬಿನೆಟ್ ತೆಗೆದು ಟೇಪ್ ಹಿಡಿದು ಅಳೆಯಿರಿ. ಮೂರು ಫ್ಯಾನಿನ ಎಷ್ಟೋ ಕಾರ್ಡ್‌ಗಳು 30 ಸೆಂಟಿಮೀಟರ್ ದಾಟುತ್ತವೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಕೋಣೆಯೇ 38-40 ಡಿಗ್ರಿ ಇರುತ್ತದೆ. ಕೋಣೆಯ ಬಿಸಿ ಏರಿದಷ್ಟೂ ಕಾರ್ಡಿನ ಬಿಸಿ ಏರುತ್ತದೆ. ಅಲ್ಲಿಯವರು ಮುಂಭಾಗದಲ್ಲಿ ಜಾಲರಿ ಇರುವ ಕ್ಯಾಬಿನೆಟ್ ಆರಿಸಿ, ಗಾಜಿನ ಮುಖದ್ದು ಬೇಡ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇರಲೇಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಆಟದ ನಡುವೆ ಕರೆಂಟ್ ಹೋದರೆ ಅದು ಕೈಕೊಡಬಹುದು. 1000 ವಿಎ ಆಸುಪಾಸಿನದು ತಗೊಳ್ಳಿ.

ಹಂತ 5: ಸ್ಟೋರೇಜ್

ಇಲ್ಲಿ ಜನ ಎರಡು ಬಗೆಯಲ್ಲಿ ದುಡ್ಡು ಕಳೆಯುತ್ತಾರೆ. ಕೆಲವರು ಹಾರ್ಡ್ ಡಿಸ್ಕೇ ಸಾಕು ಅಂತ ಕೂರುತ್ತಾರೆ. ಇನ್ನು ಕೆಲವರು ಅತಿ ವೇಗದ ಐದನೇ ತಲೆಮಾರಿನ ಡ್ರೈವ್ ತಂದು, ಆ ದುಡ್ಡನ್ನು ಕಾರ್ಡಿನಿಂದ ಕಡಿತ ಮಾಡುತ್ತಾರೆ.

ಹಾರ್ಡ್ ಡಿಸ್ಕ್ ಯಾಕೆ ಸಾಲದು? 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡ್ ಕಾಯಬೇಕು. ಮುಳ್ಳು ಸರಿಯುವ ಸಮಯ ಬೇರೆ. ಗೇಮ್ ಅಂದರೆ ಸಾವಿರಾರು ಚೂರು ಫೈಲು, ಪ್ರತಿ ಚೂರಿಗೂ ಈ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬರುತ್ತದೆ. ಸ್ಟಾರ್‌ಫೀಲ್ಡ್, ಬಾಲ್ಡರ್ಸ್ ಗೇಟ್ 3 ಆಟಗಳು ಎಸ್‌ಎಸ್‌ಡಿಯನ್ನೇ ಕೇಳುತ್ತವೆ. ಸೈಬರ್‌ಪಂಕ್ ಕೂಡ 2023ರಿಂದ ಹಾರ್ಡ್ ಡಿಸ್ಕಿಗೆ ಬೆಂಬಲ ಕೈಬಿಟ್ಟಿದೆ.

ಇನ್ನು ವೇಗದ ಮಾತು. ಸಾಟಾ ಅನ್ನುವ ಹಳೇ ಬಗೆಯ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಹೊಸ ಬಗೆಯದಾದ ಎನ್‌ವಿಎಂಇಯಲ್ಲಿ ಮೂರನೇ ತಲೆಮಾರು 3,500, ನಾಲ್ಕನೆಯದು 7,000, ಐದನೆಯದು 10,000 ದಾಟುತ್ತದೆ. ಕಾಗದದ ಮೇಲೆ ಭಾರೀ ಅಂತರ. ಆಟ ಲೋಡ್ ಆಗುವಾಗ ಮಾತ್ರ ಮೂರನೆಯದಕ್ಕೂ ಐದನೆಯದಕ್ಕೂ ಬಹಳಷ್ಟು ಸಲ ಒಂದೆರಡು ಸೆಕೆಂಡಿನ ವ್ಯತ್ಯಾಸ. ಡ್ರೈವ್ ಎಷ್ಟೇ ಬೇಗ ಕೊಟ್ಟರೂ ಪ್ರೊಸೆಸರ್ ಅದನ್ನು ಬಿಚ್ಚಿ ಜೋಡಿಸಬೇಕಲ್ಲ. ನಾಲ್ಕನೇ ತಲೆಮಾರಿನ ಮಧ್ಯಮ ಬೆಲೆಯ 1 ಟಿಬಿ ಡ್ರೈವ್, ಇದು ನನ್ನ ಆಯ್ಕೆ. ಎಂ.2 ಸ್ಲಾಟ್ (ಚಿಕ್ಕ ಡ್ರೈವ್ ನೇರವಾಗಿ ಕೂರುವ ಜಾಗ) ಇಲ್ಲದ ಹಳೇ ಬೋರ್ಡಿಗೆ ಸಾಟಾ ಎಸ್‌ಎಸ್‌ಡಿ ಹಾಕಿಸಿದರೂ ಹಾರ್ಡ್ ಡಿಸ್ಕಿನಿಂದ ಬಂದವರಿಗೆ ಹೊಸ ಪಿಸಿ ತಂದಷ್ಟೇ ಖುಷಿ.

ಡ್ರೈವಿನ ಒಳಗೆ ಏನಿದೆ ಅನ್ನುವುದು ವೇಗದ ಅಂಕಿಗಿಂತ ಮುಖ್ಯ. ಟಿಎಲ್‌ಸಿ ಅಂದರೆ ಒಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿ ಅಂದರೆ ನಾಲ್ಕು. ನಾಲ್ಕು ತುಂಬಿದರೆ ಅಗ್ಗ, ಆದರೆ ಬರೆಯುವುದು ನಿಧಾನ, ಬಾಳಿಕೆಯೂ ಕಡಿಮೆ. ಮೂರು ವರ್ಷದ ಹಿಂದೆ ನಾನು ಆನ್‌ಲೈನಿನಲ್ಲಿ ಹೆಸರೇ ಕೇಳಿರದ ಒಂದು ಕಂಪನಿಯ 1 ಟಿಬಿ ಡ್ರೈವ್ ಕೊಂಡಿದ್ದೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಒಂದು ದಿನ ದೊಡ್ಡ ಗೇಮ್ ಕಾಪಿ ಮಾಡುವಾಗ ಮೊದಲ ನಲವತ್ತು ಜಿಬಿ ಓಡಿತು, ನಂತರ ವೇಗ ಸೆಕೆಂಡಿಗೆ 70 ಎಂಬಿಗೆ ಇಳಿದು ಅಲ್ಲೇ ನಿಂತಿತು. ಮನೆಯಲ್ಲಿದ್ದ ಹಳೇ ಹಾರ್ಡ್ ಡಿಸ್ಕ್ ಅದಕ್ಕಿಂತ ಬೇಗ ಬರೆಯುತ್ತಿತ್ತು. ಡ್ರೈವ್ ಮೊದಲು ತಾತ್ಕಾಲಿಕ ಜಾಗದಲ್ಲಿ ಬೇಗ ಬೇಗ ಬರೆದುಕೊಳ್ಳುತ್ತದೆ, ಆ ಜಾಗ ತುಂಬಿದ ಮೇಲೆ ಅದರ ನಿಜವಾದ ವೇಗ ಹೊರಬೀಳುತ್ತದೆ. ಡಬ್ಬದ ಮೇಲೆ ಈ ಎರಡನೇ ಅಂಕಿ ಇರುವುದಿಲ್ಲ. ಹಾಗಾಗಿ ಟಿಎಲ್‌ಸಿ ಅಂತ ಸ್ಪಷ್ಟವಾಗಿ ಬರೆದಿರುವ, ಐದು ವರ್ಷ ವಾರಂಟಿ ಇರುವ ಡ್ರೈವನ್ನೇ ಕೊಳ್ಳಿ.

ಬಾಳಿಕೆಯ ಬಗ್ಗೆ ಹೆದರಬೇಡಿ. 1 ಟಿಬಿಯ ಟಿಎಲ್‌ಸಿ ಡ್ರೈವಿಗೆ ಸಾಮಾನ್ಯವಾಗಿ 600 ಟಿಬಿ ಬರೆಯುವ ಭರವಸೆ ಕೊಟ್ಟಿರುತ್ತಾರೆ. ದಿನಕ್ಕೆ 50 ಜಿಬಿ ಬರೆದರೂ ಅಷ್ಟು ಮುಗಿಯಲು 32 ವರ್ಷ ಬೇಕು.

ಎಷ್ಟು ಜಾಗ ಬೇಕು? ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ, ರೆಡ್ ಡೆಡ್ 2ಕ್ಕೆ 150, ಸ್ಟಾರ್‌ಫೀಲ್ಡಿಗೆ 125. ಈ ಮೂರಕ್ಕೇ 425 ಜಿಬಿ ಆಯಿತು. 500 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 465 ಅಂತ ಕಾಣುತ್ತದೆ. ಅದು ಮೋಸ ಅಲ್ಲ, ಎಣಿಸುವ ರೀತಿ ಬೇರೆ. ವಿಂಡೋಸ್ ಸೇರಿಸಿದರೆ ಉಸಿರಾಡಲೂ ಜಾಗ ಇಲ್ಲ. ಎಸ್‌ಎಸ್‌ಡಿಯಲ್ಲಿ 15ರಿಂದ 20 ಶೇಕಡಾ ಖಾಲಿ ಬಿಡಬೇಕು, ಇಲ್ಲದಿದ್ದರೆ ಅದೂ ನಿಧಾನ ಆಗುತ್ತದೆ. ಅದಕ್ಕೇ 1 ಟಿಬಿಗಿಂತ ಕಡಿಮೆ ಬೇಡ ಅನ್ನುವುದು.

ಬ್ರಾಡ್‌ಬ್ಯಾಂಡ್ ನಿಧಾನ ಇರುವ ಊರಿನವರಿಗೆ ಹಾರ್ಡ್ ಡಿಸ್ಕ್ ಇನ್ನೂ ಒಂದು ಕೆಲಸಕ್ಕೆ ಬರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. 150 ಜಿಬಿಯ ಗೇಮ್ 40 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಎಂಟು ಗಂಟೆ ದಾಟುತ್ತದೆ. 100 ಎಂಬಿಪಿಎಸ್ ಇದ್ದರೂ ಮೂರು ಗಂಟೆ ಇಪ್ಪತ್ತು ನಿಮಿಷ. ಅದೇ ಗೇಮನ್ನು ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಸಾಗಿಸಲು, ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ, ಹದಿನೇಳು ನಿಮಿಷ. ಆಡದ ಗೇಮನ್ನು ಅಳಿಸಬೇಡಿ, ಹಾರ್ಡ್ ಡಿಸ್ಕಿಗೆ ಸಾಗಿಸಿಡಿ. ಸ್ಟೀಮ್‌ನಲ್ಲಿ ಗೇಮಿನ ಪ್ರಾಪರ್ಟೀಸ್ ತೆರೆದು ಇನ್‌ಸ್ಟಾಲ್ಡ್ ಫೈಲ್ಸ್‌ನಲ್ಲಿ ಮೂವ್ ಒತ್ತಿದರೆ ಆಯಿತು. ಆಡಬೇಕು ಅನಿಸಿದಾಗ ವಾಪಸ್ ತಂದು, ಕಾಫಿ ಕುಡಿದು ಬರುವಷ್ಟರಲ್ಲಿ ಸಿದ್ಧ. ಹಳೇ ಪಿಸಿಯಲ್ಲಿ ಕೆಲಸ ಮಾಡುವ ಹಾರ್ಡ್ ಡಿಸ್ಕ್ ಇದ್ದರೆ ಎಸೆಯದೆ ಹೀಗೆ ಬಳಸಿ.

ಎಂ.2 ಡ್ರೈವ್ ಕೊಳ್ಳುವ ಮೊದಲು ಮದರ್‌ಬೋರ್ಡಿನ ಕೈಪಿಡಿ ಓದಿ. ಎಂ.2 ಅನ್ನುವುದು ಆಕಾರದ ಹೆಸರು. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆ ನೋಡಿ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಬಹುತೇಕ ಬೋರ್ಡ್‌ಗಳಿಗೆ ಇದೇ. ಕೆಲವು ಬೋರ್ಡ್‌ಗಳಲ್ಲಿ ಎರಡನೇ ಎಂ.2 ಸ್ಲಾಟಿಗೆ ಡ್ರೈವ್ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ಆಫ್ ಆಗುತ್ತವೆ. ಹಾರ್ಡ್ ಡಿಸ್ಕ್ ಕಾಣೆಯಾಯಿತು ಅಂತ ಗಾಬರಿಪಡುವವರಿಗೆ ಬಹಳಷ್ಟು ಸಲ ಇದೇ ಕಾರಣ.

ಹಂತ 6: ಕೊಳ್ಳುವಾಗ

ಜಿಎಸ್‌ಟಿ ಬಿಲ್ ಇಲ್ಲದೆ ಹೊಸ ಕಾರ್ಡ್ ಬೇಡ. "ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಕಮ್ಮಿ ಮಾಡ್ತೀನಿ ಸರ್" ಅಂದರೆ ನಯವಾಗಿ ಬೇಡ ಅನ್ನಿ. ಮೂರು ವರ್ಷದ ವಾರಂಟಿ ನಿಂತಿರುವುದು ಆ ಕಾಗದದ ಮೇಲೆ. ಬಿಲ್ಲಿನ ಸೀರಿಯಲ್ ನಂಬರ್, ಡಬ್ಬದ ನಂಬರ್, ಕಾರ್ಡಿನ ಹಿಂದಿನ ನಂಬರ್ ಮೂರೂ ಒಂದೇ ಇದೆಯಾ ಅಂತ ಅಲ್ಲೇ ಹೋಲಿಸಿ. ಆನ್‌ಲೈನಿನಲ್ಲಿ ತರಿಸಿದರೆ ಡಬ್ಬ ತೆರೆಯುವುದನ್ನು ವಿಡಿಯೊ ಮಾಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳುವುದು ತಪ್ಪಲ್ಲ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ಹಣವನ್ನು ಕಾರ್ಡ್ ಓಡಿಸಿ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಹಗಲುರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಆ ಕಾಲದ ಕಾರ್ಡ್ ಆದರೆ ಫ್ಯಾನ್ ಬೆರಳಲ್ಲಿ ತಿರುಗಿಸಿ ನೋಡಿ, ಅಲ್ಲಾಡಬಾರದು, ಕರಕರ ಅನ್ನಬಾರದು. ಮಾರುವವರ ಎದುರಿಗೇ ಹದಿನೈದು ನಿಮಿಷ ಆಟ ಓಡಿಸಿ. ಜಿಪಿಯು-ಜಡ್ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿ, ಹೆಸರು ಬದಲಿಸಿದ ನಕಲಿ ಕಾರ್ಡ್ ಆದರೆ ಅದು ಗುರುತಿಸಿ ಎಚ್ಚರಿಕೆ ತೋರಿಸುತ್ತದೆ. ಎಸ್‌ಎಸ್‌ಡಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಕೊಳ್ಳಲೇಬೇಕಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಆರೋಗ್ಯ ಎಷ್ಟು ಶೇಕಡಾ ಇದೆ, ಒಟ್ಟು ಎಷ್ಟು ಬರೆದಿದೆ ನೋಡಿ.

ಹಂತ 7: ಮನೆಯಲ್ಲಿ ಜೋಡಿಸುವಾಗ

ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹ ಮುಟ್ಟಿ ಶುರು ಮಾಡಿ. ಎಂ.2 ಡ್ರೈವನ್ನು ಸ್ವಲ್ಪ ಓರೆಯಾಗಿ ಸ್ಲಾಟಿಗೆ ತೂರಿಸಿ. ಕೈ ಬಿಟ್ಟರೆ ಅದು ಮೇಲಕ್ಕೆ ಎದ್ದು ನಿಲ್ಲುತ್ತದೆ, ಹಾಗೆ ನಿಂತರೆ ಸರಿ. ಅದನ್ನು ಮೆಲ್ಲಗೆ ಬಗ್ಗಿಸಿ ಸ್ಕ್ರೂ ಹಾಕಬೇಕು. ಆ ಸ್ಕ್ರೂ ಅಕ್ಕಿಕಾಳಿನಷ್ಟು, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಮೇಲೆ ಮುಚ್ಚುವ ಹೀಟ್‌ಸಿಂಕ್ ಒಳಗಡೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಅದನ್ನು ಕೀಳುವುದು ಮರೆತರೆ ಡ್ರೈವಿನ ಬಿಸಿ ಹೊರಗೆ ಹೋಗುವುದಿಲ್ಲ. ಕಾರ್ಡನ್ನು ಮೇಲಿನ ಉದ್ದ ಸ್ಲಾಟಿನಲ್ಲಿ, ಪ್ರೊಸೆಸರಿಗೆ ಹತ್ತಿರದ್ದರಲ್ಲಿ, ಕಟ್ ಅಂತ ಸದ್ದು ಬರುವ ತನಕ ಒತ್ತಿ.

ಹುಡುಗ ದಾವಣಗೆರೆಗೆ ಹೋಗಿ ಎಲ್ಲ ತಾನೇ ಜೋಡಿಸಿದ. ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್ ಬಂತು.

"ಮಾಮ, ಫ್ಯಾನ್ ತಿರುಗ್ತಿದೆ, ಪರದೆ ಕಪ್ಪಗಿದೆ."

"ಹಿಂದುಗಡೆ ತೋರಿಸು."

ಮಾನಿಟರ್ ಕೇಬಲ್ ಮೇಲಿನ ಕಿಂಡಿಯಲ್ಲಿತ್ತು. ಅದು ಮದರ್‌ಬೋರ್ಡಿನದು. ಅವನ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರ ಇರುವ ಇಂಟೆಲ್, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಕೇಬಲನ್ನು ಕೆಳಗೆ ಅಡ್ಡಡ್ಡ ಇರುವ ಕಾರ್ಡಿನ ಡಿಸ್‌ಪ್ಲೇಪೋರ್ಟಿಗೆ ಬದಲಿಸಿದ, ಚಿತ್ರ ಬಂತು. ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಆಗಿದ್ದರೆ ಚಿತ್ರ ಬಂದರೂ ಬರುತ್ತಿತ್ತು, ಕಾರ್ಡ್ ಮಾತ್ರ ಸುಮ್ನೆ ಕೂತಿರಬಹುದಿತ್ತು. ಎಷ್ಟೋ ಜನ ತಿಂಗಳುಗಟ್ಟಲೆ ಹಾಗೇ ಆಡುತ್ತಾರೆ.

ಹಾರ್ಡ್ ಡಿಸ್ಕ್ ದಿಸ್ ಪಿಸಿಯಲ್ಲಿ ಕಾಣುತ್ತಿಲ್ಲ ಅಂದ. ಹೊಸ ಡಿಸ್ಕ್ ತಾನಾಗಿ ಕಾಣುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಿಪಿಟಿ (ಡಿಸ್ಕ್ ವಿಂಗಡಿಸುವ ಹೊಸ ಬಗೆ) ಆರಿಸಿ, ಹೊಸ ವಾಲ್ಯೂಮ್ ಮಾಡಿಕೊಳ್ಳಬೇಕು. ಹಳೇ ಡಿಸ್ಕ್ ಆದರೆ ಇಲ್ಲಿ ಜೋಪಾನ, ತಪ್ಪಿ ಅದನ್ನು ಆರಿಸಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ.

ಡ್ರೈವರ್ ಹಾಕಿ, ಒಂದು ಗಂಟೆ ಆಟ ಓಡಿಸಿ, ಬಿಸಿ ನೋಡು ಅಂದೆ. 65ರಿಂದ 80 ಡಿಗ್ರಿ ಒಳಗಿದ್ದರೆ ಚಿಂತೆ ಇಲ್ಲ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆ ಮಾಡಲೇಬೇಕು.

ಫೋನ್ ಇಡುವ ಮೊದಲು ಇನ್ನೊಂದು ಕೆಲಸ ಹೇಳಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ಹೊಸ ಮಾನಿಟರ್ ಇನ್ನೂ 60 ಹರ್ಟ್ಜ್‌ನಲ್ಲೇ ಇತ್ತು. 144 ಮಾಡಿದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ, ಮೌಸ್ ಪಾಯಿಂಟರನ್ನು ಪರದೆಯ ಈ ತುದಿಯಿಂದ ಆ ತುದಿಗೆ ಓಡಿಸುತ್ತಾ ಕೂತಿದ್ದ.